ಚಿಕ್ಕಪ್ಪ ಅರ್ಜಿ ಹಾಕಿದ್ದು

2019ರ ಮಳೆಗಾಲ. ಚಿಕ್ಕಪ್ಪನ ಮಗಳಿಗೆ ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಆ ಖುಷಿ ಫೀಸು ಕಟ್ಟುವವರೆಗೆ ಮಾತ್ರ. ಆಮೇಲೆ ಹಾಸ್ಟೆಲ್ಲು, ಪುಸ್ತಕ, ಲ್ಯಾಪ್‌ಟಾಪು ಅಂತ ಖರ್ಚಿನ ಪಟ್ಟಿ ಬೆಳೆಯುತ್ತಲೇ ಹೋಯಿತು. ಚಿಕ್ಕಪ್ಪ ಹವಾಲ್ದಾರ್ ಆಗಿ ರಿಟೈರಾದವರು. ಪೆನ್ಷನ್ನು, ಎರಡೆಕರೆ ಹೊಲ, ಅಷ್ಟೇ.

ಒಂದು ರಾತ್ರಿ ಊಟವಾದ ಮೇಲೆ ಎಲ್ಲರೂ ಒಲೆ ಮುಂದೆ ಕೂತಿದ್ದೆವು. ನಾನೇ ಮಾತು ತೆಗೆದೆ. ಮಾಜಿ ಸೈನಿಕರ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಇದೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 2,250 ಇದ್ದದ್ದನ್ನು ಈಗ ಮೇ ತಿಂಗಳಲ್ಲಷ್ಟೇ 3,000 ಮಾಡಿದ್ದಾರೆ, ಪಿಯುಸಿಯಲ್ಲಿ ನೂರಕ್ಕೆ 60 ಬಂದಿದ್ದರೆ ಅರ್ಜಿ ಹಾಕಬಹುದು, ಅಂದೆ. ಚಿಕ್ಕಮ್ಮನ ಮುಖ ಅರಳಿತು. ಚಿಕ್ಕಪ್ಪ ಕೊಳ್ಳಿ ಮುಂದಕ್ಕೆ ತಳ್ಳುತ್ತ, "ಬೇಡ" ಅಂದರು.

ಯಾಕೆ ಅಂತ ಕೇಳಿದ್ದಕ್ಕೆ, "ಕಾರ್ಗಿಲ್‌ನಲ್ಲಿ ನನ್ನ ಜೊತೆಗಿದ್ದವನು ವಾಪಸ್ ಬರಲಿಲ್ಲ. ಅಂಥವರ ಮಕ್ಕಳಿಗೆ ಹೋಗಬೇಕಾದ ದುಡ್ಡು ಅದು. ನಾನು ಗಟ್ಟಿಮುಟ್ಟಾಗಿ ಕೂತಿದ್ದೀನಲ್ಲ. ಅದೂ ರಕ್ಷಣಾ ನಿಧಿಯ ದುಡ್ಡು, ಜನ ದಾನ ಕೊಟ್ಟಿದ್ದು" ಅಂದರು.

ದಾನ ಅಂದದ್ದೇ ಚಿಕ್ಕಮ್ಮನಿಗೆ ರೇಗಿತು. "ಚೀನಾ ಯುದ್ಧ ಆದಾಗ ನಮ್ಮಜ್ಜಿ ಕೈಯಲ್ಲಿದ್ದ ಬಳೆ ಬಿಚ್ಚಿ ಕೊಟ್ಟಿದ್ರಂತೆ ಆ ನಿಧಿಗೆ. ಮೊಮ್ಮಗಳ ಮಗಳಿಗೆ ವಾಪಸ್ ಬಂದ್ರೆ ನಿಮಗೇನು ಕಷ್ಟ?" 1962ರಲ್ಲಿ ಹುಟ್ಟಿದ ನಿಧಿ ಅದು, ಹೆಂಗಸರು ಮೈಮೇಲಿನ ಒಡವೆ ಬಿಚ್ಚಿಕೊಟ್ಟ ಕಾಲ. ಚಿಕ್ಕಪ್ಪ ಮಾತಾಡಲಿಲ್ಲ. ಒಪ್ಪಲೂ ಇಲ್ಲ.

ಒಪ್ಪಿಸಿದ್ದು ಹಾಸನದ ಸೈನಿಕ ಕಲ್ಯಾಣ ಕಚೇರಿಯಲ್ಲಿ ಸಿಕ್ಕ ಒಬ್ಬರು, ಅವರೂ ಮಾಜಿ ಸೈನಿಕರೇ. "ಹವಾಲ್ದಾರ್ರೇ, ಸಾಲು ಅವರೇ ಮಾಡಿಟ್ಟಿದ್ದಾರೆ. ಯುದ್ಧದಲ್ಲಿ ಸತ್ತವರ ಮಕ್ಕಳು ಮೊದಲು, ಕೈಕಾಲು ಕಳಕೊಂಡವರ ಮಕ್ಕಳು ಆಮೇಲೆ. ನಮ್ಮಂಥವರು ಕೊನೇಲಿ. ದೇಶಕ್ಕೆಲ್ಲ ವರ್ಷಕ್ಕೆ 5,500, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಅವರದ್ದು ಮುಗಿದು ಉಳಿದರೆ ನಿಮ್ಮ ಮಗಳಿಗೆ. ಇಲ್ಲಿ ಯಾರೂ ಯಾರನ್ನೂ ತಳ್ಳಿ ಮುಂದೆ ಹೋಗೋಕಾಗಲ್ಲ" ಅಂದರು. ಸಾಲು ಅಂದ ಕೂಡಲೇ ಚಿಕ್ಕಪ್ಪ ಸಡಿಲವಾದರು. ಫೌಜಿನವರಿಗೆ ಸಾಲಿನ ಮೇಲೆ ಇರುವ ಭಕ್ತಿ ದೇವರ ಮೇಲೂ ಇರುವುದಿಲ್ಲ ಅಂತ ನನ್ನ ಅನುಮಾನ.

ಆಮೇಲಿನದು ಬರೀ ಕಾಗದದ ಓಡಾಟ. ಕರೀ ಟ್ರಂಕಿನ ತಳದಿಂದ ಡಿಸ್ಚಾರ್ಜ್ ಬುಕ್ಕು ಬಂತು, ಕಾಲೇಜಿನ ಪ್ರಿನ್ಸಿಪಾಲರ ಸಹಿ ಬಂತು, ಅರ್ಜಿ ಆನ್‌ಲೈನಲ್ಲಿ ಹೋಯಿತು. ಮೊದಲ ವರ್ಷದಲ್ಲೇ ಹಾಕಬೇಕು, ಎರಡನೇ ವರ್ಷಕ್ಕೆ ಹೋದ ಮೇಲೆ ಎಚ್ಚೆತ್ತವರಿಗೆ ಇಲ್ಲ. ಇದು ಗೊತ್ತಿಲ್ಲದೆ ಎಷ್ಟು ಮನೆಗಳಲ್ಲಿ ತಪ್ಪಿಹೋಗಿದೆಯೋ.

ತಿಂಗಳ ಲೆಕ್ಕವಾದರೂ ಹಣ ಬರುವುದು ವರ್ಷಕ್ಕೊಮ್ಮೆ. ಮಗಳ ಖಾತೆಗೆ ಒಟ್ಟಿಗೇ 36,000 ಬಿದ್ದ ಮಾರನೇ ದಿನ ಚಿಕ್ಕಪ್ಪ ಬೈಕ್ ಹತ್ತಿ ಪಕ್ಕದೂರಿನ ಮಾಜಿ ನಾಯಕ್ ಒಬ್ಬರ ಮನೆಗೆ ಹೋದರು. ಅವರ ಮಗ ಆಗ ಪಿಯುಸಿ. ಪರೀಕ್ಷೆಯಲ್ಲಿ ನೂರಕ್ಕೆ 58 ಬಂದಿದೆ ಅಂತ ಹುಡುಗ ನಗುತ್ತಾ ಹೇಳಿದನಂತೆ. ಅವನಪ್ಪನ ಎದುರೇ, ರಂಗರೂಟನ್ನು ಬೈಯುವ ಹಾಗೆ ಅರ್ಧ ಗಂಟೆ ಬೈದು, ಕಾಫಿಯನ್ನೂ ಕುಡಿಯದೆ ಬಂದರು.