ಸಾವಿನ ಮನೆ ವೋಟು

ರಾಮಕೃಷ್ಣ ಹೆಗಡೆಯವರ ಬಗ್ಗೆ ಬರೆಯಬೇಕು ಅಂತ ಎಷ್ಟೋ ಸಲ ಕೂತಿದ್ದೀನಿ. ಪ್ರತಿಸಲವೂ ಬರೆದದ್ದು ಹೊಗಳಿಕೆಯ ಕಡೆಗೋ ಬೈಗುಳದ ಕಡೆಗೋ ವಾಲಿಬಿಡುತ್ತೆ. ಹಾಗಾಗಿ ಈ ಸಲ ಅವರ ಇಡೀ ರಾಜಕೀಯ ಬಿಟ್ಟು ಮೂರು ತಿಂಗಳ ಕಥೆ ಮಾತ್ರ. 1984ರ ಡಿಸೆಂಬರ್ ಕೊನೆಯಿಂದ 1985ರ ಮಾರ್ಚ್ ತನಕ.

ಈಗ್ಯಾಕೆ ಅಂತೀರಾ? ನಮ್ಮ ಬಂಧುಬಳಗದ ವಾಟ್ಸಾಪ್ ಗುಂಪಿನಲ್ಲಿ 2024ರ ಜೂನ್ 4ರ ಸಂಜೆಯಿಂದ ಒಂದು ಮಾತು ಓಡಾಡೋಕೆ ಶುರುವಾಯ್ತು, ಇವತ್ತಿಗೂ ನಿಂತಿಲ್ಲ. "ಜನಕ್ಕೆ ಬುದ್ಧಿ ಇಲ್ಲ." ತಮಾಷೆ ಅಂದ್ರೆ ಇದನ್ನು ಎರಡೂ ಕಡೆಯವರು ಹೇಳ್ತಾರೆ. ಬಿಜೆಪಿ ಕಡೆಯ ಷಡ್ಡಕರಿಗೆ ಉತ್ತರ ಪ್ರದೇಶದ ಜನಕ್ಕೆ ಬುದ್ಧಿ ಇಲ್ಲ. ಕಾಂಗ್ರೆಸ್ ಕಡೆಯ ಚಿಕ್ಕಪ್ಪನಿಗೆ, 2023ರ ಮೇನಲ್ಲಿ ವಿಧಾನಸಭೆಗೆ 135 ಸೀಟು ಕೊಟ್ಟು ವರ್ಷ ತುಂಬೋದ್ರೊಳಗೆ ಲೋಕಸಭೆಗೆ ಬರೀ 9 ಕೊಟ್ಟ ಕರ್ನಾಟಕದ ಜನಕ್ಕೆ ಬುದ್ಧಿ ಇಲ್ಲ. ಇಬ್ಬರೂ ಒಪ್ಪಿದ ಮಾತು ಇದೊಂದೇ. ಅದಕ್ಕೆ ಮೂರು ದಿನ ಮೊದಲು ಟಿವಿಯಲ್ಲಿ ಕೋಟು ಹಾಕಿಕೊಂಡ ಪಂಡಿತರೆಲ್ಲ 350, 370, 400 ಅಂತ ಹರಾಜು ಕೂಗಿದ್ದರಲ್ಲ, 293ಕ್ಕೆ ನಿಂತಾಗ ಅವರ ಬುದ್ಧಿಯ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಜನರ ಬುದ್ಧಿಯದೇ ಚರ್ಚೆ.

ನನಗೆ ಈ ಮಾತು ಕೇಳಿದಾಗೆಲ್ಲ ಸಿಟ್ಟು ಬರುತ್ತೆ. ಯಾಕಂದ್ರೆ ಆ "ಜನ" ಅಂದ್ರೆ ನನಗೆ ನಮ್ಮಜ್ಜಿ.

ಮೊದಲು ಕಥೆಯ ಹಿನ್ನೆಲೆ ಹೇಳಿಬಿಡ್ತೀನಿ, ನನಗಿಂತ ಚಿಕ್ಕವರೂ ಓದ್ತೀರಲ್ಲ. 1983ರ ಜನವರಿಯಲ್ಲಿ ಕರ್ನಾಟಕಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಜನತಾ ಪಕ್ಷಕ್ಕೆ 224ರಲ್ಲಿ 95 ಸೀಟು. 18 ಸೀಟಿದ್ದ ಬಿಜೆಪಿಯವರೂ ಎಡಪಕ್ಷಗಳವರೂ ಹೊರಗಿಂದ ಹೆಗಲು ಕೊಟ್ಟಿದ್ದರು. ಮುಖ್ಯಮಂತ್ರಿಯಾದ ಹೆಗಡೆ ಆಗ ಶಾಸಕರೂ ಅಲ್ಲ, ಆಮೇಲೆ ಕನಕಪುರದಲ್ಲಿ ಉಪಚುನಾವಣೆ ಗೆದ್ದು ಬಂದರು. ಅಕ್ಟೋಬರ್ 31, 1984ಕ್ಕೆ ಇಂದಿರಾ ಗಾಂಧಿ ಹತ್ಯೆ. ಡಿಸೆಂಬರಿನಲ್ಲಿ ಲೋಕಸಭೆ ಚುನಾವಣೆ. ದೇಶದಲ್ಲಿ ರಾಜೀವ್ ಗಾಂಧಿಗೆ 400 ದಾಟಿತು, ಕರ್ನಾಟಕದಲ್ಲಿ 28ಕ್ಕೆ 24 ಕಾಂಗ್ರೆಸ್ಸು. ಜನತಾ ಪಕ್ಷಕ್ಕೆ ಉಳಿದದ್ದು ನಾಲ್ಕು.

ಹೆಗಡೆ ರಾಜೀನಾಮೆ ಕೊಟ್ಟರು. ಕೊಟ್ಟು ಸುಮ್ಮನಾಗಲಿಲ್ಲ, ವಿಧಾನಸಭೆಯನ್ನೇ ವಿಸರ್ಜಿಸಿ ಹೊಸ ಚುನಾವಣೆ ಆಗಲಿ ಅಂದರು. ಸೋತ ಮುಖದಲ್ಲಿ, ಎದುರಾಳಿಯ ಗಾಳಿ ಇನ್ನೂ ಬೀಸ್ತಾ ಇರುವಾಗ, ಇನ್ನೂ ಮೂರು ವರ್ಷ ಬಾಕಿ ಇದ್ದ ಕುರ್ಚಿಯನ್ನು ತಾವೇ ಕೆಳಗಿಟ್ಟರು.

ನಮ್ಮೂರಿರೋದು ತುಮಕೂರು ಜಿಲ್ಲೆಯಲ್ಲಿ. ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಒಬ್ಬರು ವಕೀಲರು ದಿನಾ ಬೆಳಿಗ್ಗೆ ಎರಡೆರಡು ಪೇಪರ್ ಓದ್ತಿದ್ದರು. ನಮ್ಮೂರಿನ ಮಟ್ಟಿಗೆ ಅವರೇ ರಾಜಕೀಯ ಪಂಡಿತರು. ನನಗಾಗ ಹತ್ತು ವರ್ಷ. ಅಪ್ಪನ ಜೊತೆ ಹೋಗಿದ್ದೆ, ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ವಕೀಲರು ನನ್ನನ್ನು ಕರೆದು, "ಒಂದು ಎಂಪಿ ಸೀಟಿಗೆ ಎಂಟು ಎಮ್ಮೆಲ್ಲೆ ಸೀಟು ಕಣೋ. ಇಪ್ಪತ್ನಾಲ್ಕೆಂಟ್ಲ ಎಷ್ಟು, ಹೇಳು?" ಅಂದರು. 192 ಅಂದೆ. "ನೋಡಿ ಮೇಷ್ಟ್ರೇ, ಮೂರನೇ ಕ್ಲಾಸು ಲೆಕ್ಕ. ಇಷ್ಟೂ ಗೊತ್ತಾಗ್ದೆ ಈ ಮನುಷ್ಯ ಎಲೆಕ್ಷನ್‌ಗೆ ಹೊರಟವ್ರಲ್ಲ" ಅಂತ ನಕ್ಕರು. ಹೋಟೆಲಿನವರೂ ನಕ್ಕರು. (ನಾನು ಐದನೇ ಕ್ಲಾಸಿನಲ್ಲಿದ್ದೆ, ಮೂರನೇ ಕ್ಲಾಸು ಲೆಕ್ಕ ಅಂದದ್ದಕ್ಕೆ ಬೇಜಾರಾಗಿತ್ತು.)

ಅವರನ್ನು ಹೀಯಾಳಿಸೋಕೆ ಹೇಳ್ತಿಲ್ಲ. ಲೆಕ್ಕ ಸರಿಯಾಗೇ ಇತ್ತು. ಅದೇ ಮಾರ್ಚ್‌ನಲ್ಲಿ ಚುನಾವಣೆ ನಡೆದ ಉತ್ತರದ ರಾಜ್ಯಗಳಲ್ಲಿ ಕಾಂಗ್ರೆಸ್ಸೇ ಗುಡಿಸಿಕೊಂಡು ಹೋಯಿತು. ಗುಜರಾತಿನಲ್ಲಂತೂ 182ಕ್ಕೆ 149.

ಕರ್ನಾಟಕದಲ್ಲಿ ಬಂದದ್ದು ಜನತಾ ಪಕ್ಷಕ್ಕೆ 139, ಕಾಂಗ್ರೆಸ್ಸಿಗೆ 65. ಹೊರಗಿಂದ ಹೆಗಲು ಕೊಟ್ಟಿದ್ದ ಬಿಜೆಪಿ 18ರಿಂದ ಎರಡಕ್ಕಿಳಿಯಿತು. ಹೆಗಡೆ ಬಸವನಗುಡಿಯಿಂದ ಗೆದ್ದರು.

ಅಪ್ಪ ಎಲೆಕ್ಷನ್ ಡ್ಯೂಟಿ ಮುಗಿಸಿ ಮನೆಗೆ ಬಂದವರು ಅಜ್ಜಿಯನ್ನು ಕೇಳಿದರು, "ಯಾರಿಗ್ ಹಾಕ್ದೆಮ್ಮಾ?" ಅಂತ. ಅಜ್ಜಿಗೆ ಗುಟ್ಟು ಗಿಟ್ಟು ಏನಿಲ್ಲ. "ನೇಗ್ಲು ಹೊತ್ತ ರೈತುಂಗೆ." "ಮತ್ತೆ ಆವತ್ತು ಕೈಗೆ ಹಾಕಿದ್ಯಲ್ಲ?"

ಅಜ್ಜಿ ಹೇಳಿದ್ದು ಇಷ್ಟು. "ಅದು ಸಾವಿನ ಮನೆಗೆ ಹೋಗ್ಬಂದಂಗೆ ಕಣಪ್ಪ. ತಾಯಿ ಕಳ್ಕಂಡ ಹುಡುಗ ಬಾಗ್ಲಿಗೆ ಬಂದು ನಿಂತ್ರೆ ಇಲ್ಲ ಅಂತಾರಾ ಯಾರಾದ್ರೂ? ಇದು ನಮ್ಮನೆ ವಿಚಾರ."

ನಮ್ಮನೆ ವಿಚಾರ ಅಂದ್ರೆ ಬೋರಿಂಗು. ಆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದವರು ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದವರು. ನಮ್ಮ ಬೀದಿ ಕೊನೆಗೂ ಒಂದು ಹ್ಯಾಂಡ್ ಪಂಪು ಬಂದಿತ್ತು. ಅದಕ್ಕೆ ಮೊದಲು ಬೇಸಿಗೆಯಲ್ಲಿ ಅಜ್ಜಿಯೂ ಅತ್ತೆಯೂ ತೋಟದ ಬಾವಿಗೆ ಹೋಗಿ ಬರಬೇಕಿತ್ತು, ಅದೂ ತೋಟದವರ ಮರ್ಜಿ ನೋಡಿಕೊಂಡು. ಪಂಪು ಒತ್ತಿದಾಗ ಮೊದಲು ಕೆಸರು ನೀರು ಬಂತು, ಆಮೇಲೆ ತಿಳಿನೀರು. ಇಷ್ಟು ದೊಡ್ಡ ರಾಜಕೀಯ ವಿಶ್ಲೇಷಣೆ ನಮ್ಮ ವಕೀಲರ ಎರಡು ಪೇಪರಿನಲ್ಲೂ ಬಂದಿರಲಿಲ್ಲ.

ಇದನ್ನೇ ಹಿಡಿದುಕೊಂಡು "ಜನತಾ ಅಲೆ" ಅಂತ ಆಮೇಲೆ ಹೇಳಿದರಲ್ಲ, ಅದೂ ಪೂರ್ತಿ ನಿಜ ಅಲ್ಲ ನೋಡಿ. ಡಿಸೆಂಬರಿನಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೆ ಬಿದ್ದದ್ದು ನೂರಕ್ಕೆ ಸುಮಾರು 51 ವೋಟು, ಮಾರ್ಚ್‌ನಲ್ಲಿ ಸುಮಾರು 41. ಅಂದ್ರೆ ನೂರರಲ್ಲಿ ಹತ್ತು ಜನ ಅಜ್ಜಿಯ ಥರ ಸಾವಿನ ಮನೆಯಿಂದ ಎದ್ದು ತಮ್ಮ ಮನೆಗೆ ಬಂದರು, ಅಷ್ಟೇ. ಮಿಕ್ಕವರು ಇದ್ದಲ್ಲೇ ಇದ್ದರು. 1989ರಲ್ಲಿ ಇದೇ ಕಾಂಗ್ರೆಸ್ಸು 178 ಸೀಟು ಗೆದ್ದಾಗ "ಜನ ಹೆಗಡೆ ಕಾಲವನ್ನು ಕಿತ್ತೊಗೆದರು" ಅಂದರು. ಹೆಚ್ಚಾಗಿದ್ದದ್ದು ನೂರಕ್ಕೆ ಮೂರು ವೋಟು, 41ರಿಂದ 44. ಜನತಾ ಪರಿವಾರ ಹೋಳಾಗಿತ್ತು, ಸೀಟು ಉದುರಿದವು. ಹತ್ತಿರದ ಉದಾಹರಣೆ ಬೇಕಾದರೆ, 2018ರಲ್ಲಿ ಬಿಜೆಪಿಗೆ ನೂರಕ್ಕೆ ಸುಮಾರು 36 ವೋಟು, 104 ಸೀಟು. 2023ರಲ್ಲೂ ಸುಮಾರು 36 ವೋಟು, ಸೀಟು ಮಾತ್ರ 66. ಬಿಜೆಪಿಗೆ ಹಾಕುವವರ ಲೆಕ್ಕ ಹೆಚ್ಚುಕಮ್ಮಿ ಇದ್ದಂತೇ ಇತ್ತು. ಟಿವಿಯಲ್ಲಿ ಮಾತ್ರ ರಾತ್ರೋರಾತ್ರಿ ಜನರ ಮನಸ್ಸೇ ಬದಲಾಗಿಹೋಯ್ತು.

ಈಗ ಹೆಗಡೆಯವರ ಧೈರ್ಯದ ವಿಷಯ. ಅದು ಧೈರ್ಯವೋ ಲೆಕ್ಕಾಚಾರವೋ ಅಂತ ನನ್ನ ಗೆಳೆಯರಲ್ಲಿ ಇವತ್ತಿಗೂ ಜಗಳ ಇದೆ. ಲೆಕ್ಕಾಚಾರ ಖಂಡಿತ ಇತ್ತು. 95 ಸೀಟಿನ ಸರ್ಕಾರ. ಪಕ್ಷಾಂತರ ನಿಷೇಧ ಕಾನೂನು ಪಾರ್ಲಿಮೆಂಟಿನಲ್ಲಿ ಪಾಸಾದದ್ದೇ 1985ರಲ್ಲಿ, ಡಿಸೆಂಬರಿನಲ್ಲಿ ಅದು ಇರಲಿಲ್ಲ. ಲೋಕಸಭೆಯಲ್ಲಿ ಹಾಗೆ ಸೋತ ಮೇಲೆ ಶಾಸಕರು ಒಬ್ಬೊಬ್ಬರಾಗಿ ಆಚೆ ಜಾರಿಕೊಂಡಿದ್ದರೆ ತಡೆಯೋಕೆ ದಾರಿ ಇರಲಿಲ್ಲ. ಕೂತಿದ್ದರೂ ಬೀಳ್ತಿದ್ದರೇನೋ. ಆದರೆ ಎರಡು ದಾರಿ ಇದ್ದಾಗ, ಶಾಸಕರನ್ನು ಕೂಡಿಹಾಕಿ ಕಾಯೋದರ ಬದಲು ಜನರ ಬಾಗಿಲಿಗೇ ಹೋಗ್ತೀನಿ ಅಂದರಲ್ಲ, ನನ್ನ ಮಟ್ಟಿಗೆ ಅದು ಧೈರ್ಯವೇ. ಈಗಾಗಿದ್ದರೆ ಮೊದಲು ರೆಸಾರ್ಟಿಗೆ ಬಸ್ಸು ಬುಕ್ ಆಗ್ತಿತ್ತು. 2019ರ ಜುಲೈನಲ್ಲಿ ನೋಡಿದೆವಲ್ಲ.

ಅವರೇನೂ ದೇವರಲ್ಲ. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಷಯದಲ್ಲಿ ಹೈಕೋರ್ಟ್ ಟೀಕಿಸಿದಾಗ ರಾಜೀನಾಮೆ ಕೊಟ್ಟು ಮೂರೇ ದಿನಕ್ಕೆ ವಾಪಸ್ ತಗೊಂಡರು. 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ಗಲಾಟೆಯಲ್ಲಿ ಕೊಟ್ಟದ್ದು ಮಾತ್ರ ಖಾಯಂ ಆಯ್ತು. ಮೊದಲ ರಾಜೀನಾಮೆಗೆ ಕಣ್ಣಲ್ಲಿ ನೀರು ತಂದುಕೊಂಡಿದ್ದ ನಮ್ಮಪ್ಪ ಎರಡನೇ ಸಲ ಪೇಪರ್ ಮಡಚಿಟ್ಟು ಸ್ನಾನಕ್ಕೆ ಹೋದರು.

ಎಲೆಕ್ಷನ್ ಮುಂಚಿತವಾಗಿ ತಂದದ್ದೆಲ್ಲ ಧೈರ್ಯ ಅಂತಲೂ ಅಲ್ಲ. 2004ರಲ್ಲಿ ವಾಜಪೇಯಿ ಸರ್ಕಾರ ಮೂರು ರಾಜ್ಯ ಗೆದ್ದ ಹುಮ್ಮಸ್ಸಿನಲ್ಲಿ ಲೋಕಸಭೆ ಚುನಾವಣೆಯನ್ನು ಬೇಗ ಕರೆಯಿತು, ಭಾರತ ಪ್ರಕಾಶಿಸುತ್ತಿದೆ ಅಂತ. ಇಲ್ಲಿ ಎಸ್.ಎಂ. ಕೃಷ್ಣ ಅವರೂ ವಿಧಾನಸಭೆಯನ್ನು ಜೊತೆಗೇ ತಂದರು. ಬೆಂಗಳೂರಿನಲ್ಲಿ ಐಟಿ ಹೊಳೀತಿತ್ತು, ಹಳ್ಳಿಯಲ್ಲಿ ವರ್ಷಗಟ್ಟಲೆ ಬರ. ದೆಹಲಿಯಲ್ಲಿ ಬಿಜೆಪಿ 138ಕ್ಕೆ ಇಳೀತು, ಇಲ್ಲಿ ಕಾಂಗ್ರೆಸ್ಸು 65ಕ್ಕೆ. ಗೆದ್ದೇ ಗೆಲ್ತೀವಿ ಅನ್ನೋ ನಂಬಿಕೆಯಲ್ಲಿ ಎಲೆಕ್ಷನ್ ತರೋದಕ್ಕೂ ಸೋತ ಮಾರನೇ ದಿನ ತರೋದಕ್ಕೂ ವ್ಯತ್ಯಾಸ ಇದೆ ಸ್ವಾಮಿ. ಆ ಫಲಿತಾಂಶ ನೋಡೋಕೆ ಹೆಗಡೆ ಇರಲಿಲ್ಲ, ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದರು.

ಇನ್ನೊಂದು ಹೇಳದೇ ಇದ್ದರೆ ಅಜ್ಜಿಯ ಕಡೆಗೇ ವಾಲಿದ ಹಾಗಾಗುತ್ತೆ. 2019ರಲ್ಲಿ ಪಕ್ಷ ಬಿಟ್ಟು ಅನರ್ಹರಾದ ಶಾಸಕರಿಗೆ ಜನ ಬುದ್ಧಿ ಕಲಿಸ್ತಾರೆ ಅಂತ ನನ್ನಂಥವರೆಲ್ಲ ಆಸೆ ಇಟ್ಟುಕೊಂಡಿದ್ದೆವು. ಡಿಸೆಂಬರಿನ ಉಪಚುನಾವಣೆಯ 15 ಸೀಟಿನಲ್ಲಿ 12 ಬಿಜೆಪಿಗೆ ಬಂತು, ಅನರ್ಹರಲ್ಲಿ ಬಹುತೇಕರು ಗೆದ್ದುಬಂದರು. ಅದನ್ನೂ ಜನವೇ ಮಾಡಿದ್ದು. ದುಡ್ಡಿಗೆ ಮಾರಿಕೊಂಡರು ಅನ್ನೋದು ಸುಲಭ. ಆ ಕ್ಷೇತ್ರಗಳ ಬೀದಿ ಕೊನೆಗೆ ಏನು ಬಂದಿತ್ತು, ಏನು ಬರುತ್ತೆ ಅಂತ ಹೇಳಿದ್ದರು ಅನ್ನೋದನ್ನ ಯಾವ ಸ್ಟುಡಿಯೋದವರೂ ಹೋಗಿ ಕೇಳಿದ್ದು ನಾನು ನೋಡಲಿಲ್ಲ.

ಹೆಗಡೆಯವರಿಗೂ ಈ ಪಾಠ ಆಯ್ತು, ಬಾಗಲಕೋಟೆಯಲ್ಲಿ. 1991ರಲ್ಲಿ ಅಲ್ಲಿ ಲೋಕಸಭೆಗೆ ನಿಂತರು. ದೇಶಕ್ಕೆಲ್ಲ ಗೊತ್ತಿದ್ದ ಮುಖ, ಪ್ರಧಾನಿ ಆಗಬಹುದು ಅಂತ ಬರೆಸಿಕೊಂಡವರು. ಎದುರಿಗಿದ್ದ ಸಿದ್ದು ನ್ಯಾಮಗೌಡರ ಹೆಸರು ಬೆಂಗಳೂರಿನ ಎಷ್ಟು ಜನಕ್ಕೆ ಗೊತ್ತಿತ್ತೋ. ಸರ್ಕಾರಕ್ಕೆ ಕಾಯದೆ ರೈತರಿಂದ ದುಡ್ಡು ಎತ್ತಿ, ರೈತರ ಕೈಯಿಂದಲೇ ದುಡಿಸಿ, ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿಸಿದವರು ಅವರು. ಶ್ರಮಬಿಂದು ಸಾಗರ ಅಂತ ಅದರ ಹೆಸರು. ಹೆಗಡೆ ಸೋತರು. ರಾಜೀವ್ ಹತ್ಯೆಯಾದ ಚುನಾವಣೆ ಅದು, ಸಾವಿನ ಮನೆ ವೋಟೂ ಸ್ವಲ್ಪ ಇದ್ದಿರಬಹುದು. ಆದರೆ ಆ ಕಡೆಯ ಸಹೋದ್ಯೋಗಿಯೊಬ್ಬರ ಹತ್ತಿರ ಈ ಮಾತು ತೆಗೆದಾಗ, "ಅಲ್ರೀ, ನಮ್ಮ ಹೊಲಕ್ಕ ನೀರ್ ತಂದಾಂವನ್ನ ಬಿಟ್ಟು ಅವ್ರಿಗೆ ಯಾಕ್ ಹಾಕೂಣು?" ಅಂತ ನನ್ನನ್ನೇ ಕೇಳಿದರು.

ನ್ಯಾಮಗೌಡರು 2018ರಲ್ಲಿ, ಜಮಖಂಡಿಯಿಂದ ಶಾಸಕರಾಗಿ ಮತ್ತೆ ಗೆದ್ದ ಕೆಲವೇ ದಿನಕ್ಕೆ ರಸ್ತೆ ಅಪಘಾತದಲ್ಲಿ ತೀರಿಕೊಂಡರು. 1991ರ ಆ ಪ್ರಚಾರವನ್ನು ಕಣ್ಣಾರೆ ಕಂಡವರು, ಬ್ಯಾರೇಜಿಗೆ ಮಣ್ಣು ಹೊತ್ತವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೀರಿ. ಓದೋಕೆ ಕಾಯ್ತಿರ್ತೀನಿ.