ಆಲ್ಪ್ಸ್ ಬೆಟ್ಟದಲ್ಲಿ ತಾಳೆಯಾದ ಲೆಕ್ಕ

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿ ಲೆಕ್ಕ ಬರೆದವನು ನಾನು. ಈಗ ವಯಸ್ಸು 73. ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಒಂದಿಷ್ಟು ನಡಿಗೆ, ಒಂದಿಷ್ಟು ಓಟ ನನ್ನ ಅಭ್ಯಾಸ. ಕಳೆದ ಆಗಸ್ಟ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಒಂದು ದಿನ ಒಬ್ಬನೇ ಆಲ್ಪ್ಸ್ ಬೆಟ್ಟ ಹತ್ತಿ ಬರುತ್ತೇನೆಂದು ಹಟ ಹಿಡಿದೆ.

ಮಗಳು ಒಪ್ಪಿದಳು, ಒಂದು ಷರತ್ತಿನ ಮೇಲೆ. “ಅಪ್ಪಾ, ಎಲ್ಲೇ ಇದ್ದರೂ ಮಧ್ಯಾಹ್ನ ಒಂದು ಗಂಟೆಗೆ ಹಿಂದಿರುಗಿಬಿಡಬೇಕು.” ಮೈಸೂರಿನಿಂದ ಐದನೇ ತರಗತಿಯ ಮೊಮ್ಮಗ ಫೋನಿನಲ್ಲಿ ಇನ್ನೊಂದು ಷರತ್ತು ಹಾಕಿದ. “ತಾತಾ, ತುದಿಯಲ್ಲಿ ನಿಂತು ಫೋಟೊ ತೆಗೀಬೇಕು!” ಇಬ್ಬರಿಗೂ ಹೂಂ ಅಂದೆ. ಒಂದು ಮಾತಿಗೆ ಇನ್ನೊಂದು ಅಡ್ಡ ಬರಬಹುದೆಂದು ಆಗ ಹೊಳೆಯಲೇ ಇಲ್ಲ.

ರೈಲಿನಲ್ಲಿ ಗ್ರಿಂಡೆಲ್‌ವಾಲ್ಡ್ ಎಂಬ ಊರಿಗೆ ಬಂದೆ. ಎದುರಿಗೆ 3,967 ಮೀಟರ್ ಎತ್ತರದ ಐಗರ್ ಶಿಖರ ಗೋಡೆಯ ಹಾಗೆ ನಿಂತಿತ್ತು. ಊರಿನಿಂದ ರೋಪ್‌ವೇ ಹತ್ತಿ ಫಿರ್ಸ್ಟ್ ಎಂಬ ಜಾಗದಲ್ಲಿ ಇಳಿದರೆ ಸುಮಾರು 2,170 ಮೀಟರ್ ಎತ್ತರ. ಮಕ್ಕಳೇ, ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಅಂದರೆ ನಾನು ಒಂದು ಹೆಜ್ಜೆಯೂ ಹತ್ತದೆ ಅದಕ್ಕಿಂತ ಮೇಲಿದ್ದೆ! ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರು ಡಿಗ್ರಿ ಸೆಲ್ಸಿಯಸ್ ಚಳಿ ಹೆಚ್ಚುತ್ತದೆ ಎಂದು ಓದಿದ್ದೆ. ಅಲ್ಲಿ ಕಿವಿಯೇ ಅದನ್ನು ಹೇಳಿತು. ಮಫ್ಲರ್ ಸುತ್ತಿಕೊಂಡೆ.

ಅಲ್ಲಿನ ಹಳದಿ ಕೈಕಂಬಗಳು ನನಗೆ ಬಹಳ ಹಿಡಿಸಿದವು. ಅವುಗಳಲ್ಲಿ ಕಿಲೋಮೀಟರ್ ಲೆಕ್ಕವಿಲ್ಲ, ನಡೆಯಲು ಬೇಕಾಗುವ ಗಂಟೆ, ನಿಮಿಷಗಳ ಲೆಕ್ಕ. ಕೂತು ಸುಧಾರಿಸಿಕೊಳ್ಳುವ ಹೊತ್ತು ಅದರಲ್ಲಿ ಸೇರಿಲ್ಲ. ಅದನ್ನು ನಮ್ಮ ನಮ್ಮ ಮೊಣಕಾಲು ನೋಡಿಕೊಂಡು ನಾವೇ ಕೂಡಿಸಿಕೊಳ್ಳಬೇಕು. ಬೆಟ್ಟದ ದಾರಿಯುದ್ದಕ್ಕೂ ಬಂಡೆಗಳ ಮೇಲೆ ಬಿಳಿ, ಕೆಂಪು, ಬಿಳಿ ಪಟ್ಟಿ ಬಳಿದಿರುತ್ತಾರೆ. ಆ ಗುರುತು ಕಂಡರೆ ದಾರಿ ಸರಿ ಎಂದರ್ಥ.

ಮೊದಲ ಭಾಗ ಏರಿಳಿತ ಕಡಿಮೆ ಇರುವ ಅಗಲ ದಾರಿ. ಸಮತಟ್ಟಾದ ಕಡೆ ನಾನೂ ನಿಧಾನವಾಗಿ ಓಡಿದೆ. ಬೆನ್ನಿಗೆ ಪುಟ್ಟ ನೀರಿನ ಚೀಲ ಕಟ್ಟಿಕೊಂಡ ಬೆಟ್ಟದ ಓಟಗಾರರು ಜಿಂಕೆಗಳಂತೆ ದಾಟಿ ಹೋದರು. ಆದರೆ ಕಡಿದಾದ ಏರು ಬಂದಾಗ ಅವರೂ ಓಡಲಿಲ್ಲ. ಕೈಯನ್ನು ತೊಡೆಯ ಮೇಲೆ ಊರಿ ನಡೆದರು. ಇದೇ ದಾರಿಯಲ್ಲಿ ಹಾದುಹೋಗುವ ‘ಐಗರ್ ಅಲ್ಟ್ರಾ ಟ್ರೇಲ್’ ಎಂಬ ಸ್ಪರ್ಧೆ 2013ರಲ್ಲಿ ಶುರುವಾಯಿತಂತೆ. ಅದರಲ್ಲಿ 101 ಕಿಲೋಮೀಟರ್ ಓಟವೊಂದಿದೆ. ಹತ್ತುವ ಎತ್ತರವನ್ನೆಲ್ಲ ಕೂಡಿದರೆ ಸುಮಾರು 6,700 ಮೀಟರ್! ಅಂಥ ಓಟಗಾರರೇ ಏರಿನಲ್ಲಿ ನಡೆಯುತ್ತಾರೆಂದ ಮೇಲೆ ನನಗೇಕೆ ಸಂಕೋಚ?

ಹನ್ನೊಂದೂಕಾಲಿಗೆ ಬಾಖಾಲ್ಪ್‌ಜೀ ಸರೋವರ ಸಿಕ್ಕಿತು. ನೀರಿನಲ್ಲಿ ಹಿಮದ ಶಿಖರಗಳು ತಲೆಕೆಳಗಾಗಿ ನಿಂತಿದ್ದವು. ದಂಡೆಯಲ್ಲಿ ಕೂತು ಮಗಳು ಕಟ್ಟಿಕೊಟ್ಟಿದ್ದ ಚಪಾತಿ, ಚಟ್ನಿಪುಡಿ ತಿಂದೆ. ಸುತ್ತ ಹಸುಗಳು ಮೇಯುತ್ತಿದ್ದವು. ಬೇಸಿಗೆಯಲ್ಲಿ ಅವುಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಬಂದು, ಚಳಿ ಶುರುವಾಗುವ ಮುಂಚೆ ಇಳಿಸುತ್ತಾರೆ. ಕೊರಳಿಗೆ ತಂಬಿಗೆಯಷ್ಟು ದೊಡ್ಡ ಗಂಟೆ. ಮಂಜು ಕವಿದಾಗ ಹಸು ಎಲ್ಲಿದೆಯೆಂದು ತಿಳಿಯಲು ಅದೇ ದಾರಿ.

ಸರೋವರದಾಚೆ ಫೌಲ್‌ಹಾರ್ನ್ ಶಿಖರದ ಏರು. ಅದರ ಎತ್ತರ ಸುಮಾರು 2,680 ಮೀಟರ್. ನೆತ್ತಿಯ ಬಳಿ 1830ರ ದಶಕದ ಹಳೆಯ ಹೋಟೆಲೊಂದಿದೆ. ಗಡಿಯಾರ ಒಂದು ಗಂಟೆ ತೋರಿಸಿದಾಗ ಆ ಹೋಟೆಲು ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ಮಗಳಿಗೆ ಕೊಟ್ಟ ಮಾತು ನೆನಪಾಯಿತು. ಮೊಮ್ಮಗನಿಗೆ ಕೊಟ್ಟ ಮಾತೂ ನೆನಪಾಯಿತು. ‘ಇನ್ನು ಅರ್ಧ ಗಂಟೆ ತಾನೆ?’ ಎಂದುಕೊಂಡೆ. ಅಷ್ಟೇ ಅಲ್ಲ, ಸಮಯ ಉಳಿಸಲು ಸುತ್ತುದಾರಿ ಬಿಟ್ಟು, ಹಸುಗಳು ತುಳಿದ ಕಾಲುಹಾದಿಯಲ್ಲಿ ನೇರ ಹತ್ತಿದೆ.

ಇಪ್ಪತ್ತು ನಿಮಿಷವಾಗಿರಬಹುದು. ಕೆಳಗಿನಿಂದ ಮೋಡ ಹೊಗೆಯಂತೆ ಎದ್ದು ಬಂತು. ಹೋಟೆಲು ಮಾಯ, ಸರೋವರ ಮಾಯ. ನನ್ನ ಬೂಟು ಬಿಟ್ಟರೆ ಬೇರೇನೂ ಕಾಣದು. ಮಗಳಿಗೆ ಫೋನ್ ಮಾಡೋಣವೆಂದರೆ, ಬೆಳಗಿನಿಂದ ಫೋಟೊ ತೆಗೆದೂ ತೆಗೆದೂ ಚಾರ್ಜ್ ಮುಗಿದಿತ್ತು. ಅಂದರೆ ತುದಿ ಮುಟ್ಟಿದ್ದರೂ ಫೋಟೊ ಬರುತ್ತಿರಲಿಲ್ಲ! ನಗಬೇಕಾದ ವಿಷಯವೇ, ಆದರೆ ಆಗ ನಗು ಬರಲಿಲ್ಲ. ನಾಲಿಗೆ ಒಣಗಿತು.

ಜೇಬಿನಲ್ಲಿ ಸೀಟಿ ಇತ್ತು. ಆಲ್ಪ್ಸ್‌ನಲ್ಲಿ ಅಪಾಯಕ್ಕೆ ಸಿಕ್ಕಿದವರು ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಊದಬೇಕು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರಿಸುತ್ತಾರೆ. ಸೀಟಿ ಕೈಯಲ್ಲಿ ಹಿಡಿದು ಬಂಡೆಯ ಮೇಲೆ ಕೂತೆ.

ಕೂತಾಗ ಬ್ಯಾಂಕು ನೆನಪಾಯಿತು. ಸಂಜೆ ಲೆಕ್ಕ ತಾಳೆಯಾಗದೆ ಹತ್ತು ರೂಪಾಯಿ ವ್ಯತ್ಯಾಸ ಬಂದರೆ, ಹೊಸಬರು ಗಾಬರಿಯಲ್ಲಿ ಪುಟ ಮುಂದಕ್ಕೆ ತಿರುವುತ್ತಿದ್ದರು. ನಮ್ಮ ಹಿರಿಯ ಗುಮಾಸ್ತರು ಹೇಳುತ್ತಿದ್ದರು: “ಮುಂದೆ ಹೋಗಬೇಡ. ಕೊನೆಯ ಸಲ ಎಲ್ಲಿ ತಾಳೆಯಾಗಿತ್ತೋ ಆ ಪುಟಕ್ಕೆ ವಾಪಸ್ ಹೋಗು.”

ಎದ್ದೆ. ಬಂದ ಕಾಲುಹಾದಿಯ ಮಣ್ಣಿನಲ್ಲಿ ನನ್ನದೇ ಬೂಟಿನ ಅಚ್ಚು ಹುಡುಕುತ್ತಾ ಒಂದೊಂದೇ ಹೆಜ್ಜೆ ಇಳಿದೆ. ಕೆಳಗೆಲ್ಲೋ ಹಸುವಿನ ಗಂಟೆ ಕೇಳಿಸಿತು. ಜೀವಕ್ಕೆ ಎಷ್ಟು ಹಿತವಾಯಿತೆಂದು ಹೇಳಲಾರೆ. ಕೊನೆಗೆ ಒಂದು ಬಂಡೆಯ ಮೇಲೆ ಬಿಳಿ, ಕೆಂಪು, ಬಿಳಿ ಪಟ್ಟಿ! ಅದನ್ನು ಕೈಯಿಂದ ಸವರಿದೆ.

ಆಗ ಮಂಜಿನೊಳಗಿಂದ ಓಟಗಾರ್ತಿಯೊಬ್ಬರು ಇಳಿದು ಬಂದರು. ನನ್ನಷ್ಟೇ ವಯಸ್ಸಿರಬೇಕು, ತಲೆಯೆಲ್ಲ ಬಿಳಿ. ನಾನು ಮೇಲಕ್ಕೆ ಬೆರಳು ತೋರಿಸಿ “ಹೋಟೆಲ್?” ಎಂದೆ. ಅವರು ಆಕಾಶ ನೋಡಿ, ತಲೆಯಾಡಿಸಿ, “ಟುಮಾರೊ” ಎಂದು ನಕ್ಕರು. ಸರೋವರ ಕಾಣುವವರೆಗೆ ಓಟ ಬಿಟ್ಟು ನನ್ನ ಮುಂದೆ ನಡೆದೇ ಬಂದರು. ಆಮೇಲೆ ಕೈಬೀಸಿ, ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾ ಓಡಿಹೋದರು.

ರಾತ್ರಿ ಮಗಳಿಗೆ ಎಲ್ಲ ಹೇಳಿದೆ, ಆ ಇಪ್ಪತ್ತು ನಿಮಿಷವನ್ನೂ ಬಚ್ಚಿಡದೆ. ಅವಳು ಬೈಯಲಿಲ್ಲ. ಸುಮ್ಮನೆ ಎದ್ದು ಹೋಗಿ ಕಾಫಿ ತಂದಿಟ್ಟಳು. ಬೈದಿದ್ದರೇ ಚೆನ್ನಾಗಿತ್ತು.

ಮೊಮ್ಮಗ ಫೋನಿನಲ್ಲಿ ಕೇಳಿದ. “ಹಾಗಾದ್ರೆ ತಾತಾ, ನೀವು ಸೋತ್ರಾ?”

“ಇಲ್ಲ ಮರಿ, ಬಾಕಿ ಮುಂದಿನ ಪುಟಕ್ಕೆ ಹೋಗಿದೆ.”

“ಮುಂದಿನ ಸಲ ನಾನೂ ಬರ್ತೀನಿ. ಒಂದು ಗಂಟೆ ಆದ ತಕ್ಷಣ ನಿಮಗೆ ಹೇಳ್ತೀನಿ.”

ಈಗ ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ನಾವಿಬ್ಬರೂ ಹೋಗುತ್ತೇವೆ. ಗಡಿಯಾರ ಅವನ ಕೈಯಲ್ಲಿರುತ್ತದೆ.