ಜೇಬಿನಲ್ಲಿ ಸಿಕ್ಕ ಪೊಟ್ಟಣ

ಒಂಬತ್ತನೇ ತರಗತಿಯ ಮಗನ ಯೂನಿಫಾರಂ ಒಗೆಯಲು ತೆಗೆದುಕೊಂಡ ತಾಯಿಗೆ ಜೇಬಿನಲ್ಲಿ ಎರಡು ಹರಿದ ಪೊಟ್ಟಣಗಳು ಸಿಕ್ಕವು. ಒಂದು ಪಾನ್ ಮಸಾಲೆಯದು, ಇನ್ನೊಂದು ಹೊಗೆಸೊಪ್ಪಿನದು. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಯಿತು, ನಿಜ. ಆದರೆ ಈ ಎರಡನ್ನೂ ಬೇರೆಬೇರೆ ಕೊಂಡು ಅಂಗೈಯಲ್ಲಿ ಬೆರೆಸಿದರೆ ಆಗುವುದು ಅದೇ ಗುಟ್ಕಾ!

ಸಂಜೆ ತೋಟದಿಂದ ಬಂದ ತಂದೆ ವಿಷಯ ಕೇಳಿದವರೇ ಕೈ ಎತ್ತಿದರು. ಅಜ್ಜಿ ಅಡ್ಡ ಬಂದರು. 'ಮೊದಲು ನಿನ್ನ ಬಾಯಲ್ಲಿರೋದನ್ನ ಉಗುಳಿ ಬಾ. ಆಮೇಲೆ ಅವನಿಗೆ ಬುದ್ಧಿ ಹೇಳೀಯಂತೆ.'

ಶಿವಮೊಗ್ಗ ಜಿಲ್ಲೆಯ ಅಡಿಕೆ ತೋಟದ ಮನೆ ಅದು. ಬಂದವರಿಗೆ ಮೊದಲು ಕವಳದ ತಟ್ಟೆ. ಅದರಲ್ಲಿ ಎಲೆ, ಅಡಿಕೆ, ಸುಣ್ಣದ ಜೊತೆ ಹೊಗೆಸೊಪ್ಪೂ ಇರುತ್ತಿತ್ತು. ಇಪ್ಪತ್ತು ವರ್ಷಗಳಿಂದ ತಂದೆಯ ಬಾಯಿ ಬರಿದಾಗಿದ್ದುದೇ ಅಪರೂಪ. ಅವರು ಎತ್ತಿದ ಕೈ ಇಳಿಸಿ ಹಿತ್ತಲಿಗೆ ನಡೆದರು.

ಮರುದಿನ ಬೆಳಿಗ್ಗೆ ತೋಟಕ್ಕೆ ನೀರು ಬಿಡಲು ಮಗನನ್ನೂ ಕರೆದೊಯ್ದರು. 'ಯಾಕೆ ತಿಂದೆ?' ಎಂದು ಕೇಳಲಿಲ್ಲ. 'ನಿನ್ನೆ ರಾತ್ರಿಯಿಂದ ಹಾಕಿಲ್ಲ ಮಾರಾಯ, ತಲೆ ಸಿಡೀತಿದೆ. ನಿಂಗೂ ಹಿಂಗೇ ಆಗ್ತದಾ?' ಎಂದರು. ಬಹಳ ಹೊತ್ತಿನ ಮೇಲೆ ಹುಡುಗ ಬಾಯಿಬಿಟ್ಟ. 'ಅಪ್ಪಯ್ಯ, ಅರ್ಧವಾರ್ಷಿಕದಲ್ಲಿ ಗಣಿತ ಫೇಲಾದಾಗಿಂದ ನಿದ್ರೆ ಬರ್ತಿಲ್ಲ. ಇದು ಹಾಕ್ಕೊಂಡ್ರೆ ಟೆನ್ಷನ್ ಹೋಗ್ತದೆ ಅಂತ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಹುಡುಗರು ಕೊಟ್ರು.' ಪೊಟ್ಟಣದ ಹಿಂದೆ ಇಂಥದೊಂದು ಭಯ ಅಡಗಿದೆಯೆಂದು ಮನೆಯಲ್ಲಿ ಯಾರೂ ಊಹಿಸಿರಲಿಲ್ಲ.

ನಿಕೋಟಿನ್ ಬಾಯಿಯ ಒಳಪದರದ ಮೂಲಕ ರಕ್ತಕ್ಕೆ ಸೇರಿ ಮಿದುಳಿನಲ್ಲಿ ಡೋಪಮಿನ್ ಹೆಚ್ಚಿಸುತ್ತದೆ. ಕ್ಷಣಕಾಲ ಹಿತವೆನಿಸುತ್ತದೆ. ಅದರ ಪ್ರಭಾವ ಇಳಿದಂತೆ ಚಡಪಡಿಕೆ ಶುರುವಾಗುತ್ತದೆ. ಅದನ್ನು ತಣಿಸಲು ಮತ್ತೊಂದು ಪೊಟ್ಟಣ. ಟೆನ್ಷನ್ ಹೋಯಿತೆಂಬುದು ಬರೀ ಭ್ರಮೆ. ಆಸೆಗೆ ಲಗಾಮು ಹಾಕುವ ಮುಂಮಿದುಳಿನ ಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಹೀಗಾಗಿ ಎಳೆಯರಿಗೆ ಚಟ ಬೇಗ ಅಂಟುತ್ತದೆ.

ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳುತ್ತದೆ. ಬಸ್ ಸ್ಟ್ಯಾಂಡ್ ಅದಕ್ಕಿಂತ ದೂರ. ಅಲ್ಲಿ ಮಗುವನ್ನು ಕಾಯುವುದು ಮನೆಯಲ್ಲಿ ಆಡಿದ ಮಾತು ಮಾತ್ರ.

ತಂದೆ ಮಗ ಇಬ್ಬರೂ ತಾಲ್ಲೂಕು ಆಸ್ಪತ್ರೆಗೆ ಹೋಗಿಬಂದರು. ಮನಸ್ಸಿನ ತೊಂದರೆಗೆ 14416ಕ್ಕೆ ಕರೆ ಮಾಡಿದರೆ 'ಟೆಲಿ ಮಾನಸ್' ಸೇವೆಯಲ್ಲಿ ಕನ್ನಡದಲ್ಲೇ, ಖರ್ಚಿಲ್ಲದೆ, ಹಗಲಿರುಳೂ ಸಲಹೆ ಸಿಗುತ್ತದೆಂಬುದೂ ತಿಳಿಯಿತು. ಗಣಿತಕ್ಕೆ ಪಕ್ಕದ ಮನೆಯ ಅಕ್ಕ ನೆರವಾದಳು.

ಮೊದಲ ತಿಂಗಳಲ್ಲಿ ತಂದೆ ಎರಡು ಸಲ ಸೋತರು. ಸೋತ ದಿನ ಮುಚ್ಚಿಡದೆ ಮಗನಿಗೆ ಹೇಳಿದರು. ಈಗ ಕವಳದ ತಟ್ಟೆಯಲ್ಲಿ ಹೊಗೆಸೊಪ್ಪು ಇಲ್ಲ. ಬೆಳಗಿನ ಹೊತ್ತು ತೋಟಕ್ಕೆ ಇಬ್ಬರೂ ಜೊತೆಯಾಗಿಯೇ ಹೋಗುತ್ತಾರೆ.